ಗೆರೆ ಎಳೆದರೆ ಸಾಕೇ?

ಅಕ್ಕನ ಮಗಳು ಪುಟ್ಟಿ ಈ ವರ್ಷ ಎಸ್ಸೆಸ್ಸೆಲ್ಸಿ. ಓದುವ ಕೋಣೆಯ ಗೋಡೆ ತುಂಬಾ ಮೈಂಡ್ ಮ್ಯಾಪ್ ಅಂಟಿಸಿಕೊಂಡಿದ್ದಾಳೆ. ವಿಜ್ಞಾನದ್ದು ಒಂದು ಸಾಲು, ಸಮಾಜದ್ದು ಒಂದು ಸಾಲು. ಕೆಲವು ಅವಳ ಕೈಬರಹ. ಜಾಸ್ತಿ ಪಾಲು ವಾಟ್ಸಾಪ್ ಗ್ರೂಪಿನಲ್ಲಿ ಬಂದ ಪಿಡಿಎಫ್‌ಗಳು, ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿದ್ದು. ಯಾರೋ ಮೇಷ್ಟ್ರು ಮಕ್ಕಳಿಗೆ ಅನುಕೂಲವಾಗಲಿ ಅಂತ ರಾತ್ರಿ ಕೂತು ಮಾಡಿರುತ್ತಾರೆ, ಆ ಶ್ರಮದ ಬಗ್ಗೆ ಎರಡು ಮಾತಿಲ್ಲ. ನಡುವೆ ಒಂದು ವೃತ್ತ, ಅದರಿಂದ ಹೊರಟ ನಾಲ್ಕೈದು ಕೊಂಬೆ, ಕೊಂಬೆಗೊಂದು ಬಣ್ಣ. ನೋಡುವುದಕ್ಕೆ ಬಲು ಚೆಂದ. ಮನೆಗೆ ಬಂದವರಿಗೆಲ್ಲ ಅಕ್ಕ ಆ ಗೋಡೆ ತೋರಿಸುತ್ತಾಳೆ.

ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಏನೋ ಕಸಿವಿಸಿ. ನಾನೂ ಮೈಂಡ್ ಮ್ಯಾಪ್ ಬರೆಯುವವನೇ. ಆಫೀಸಿನ ಕೆಲಸಕ್ಕೆ ಬರೆಯುತ್ತೇನೆ, ಮನೆಯ ಕಾರ್ಯಗಳಿಗೆ ಬರೆಯುತ್ತೇನೆ, ಹೊಸ ವಿಷಯ ಓದುವಾಗ ಬರೆಯುತ್ತೇನೆ. ಹಾಗಾಗಿ ಪದ್ಧತಿಯ ಮೇಲೆ ಸಿಟ್ಟಿಲ್ಲ. ಕಸಿವಿಸಿ ಯಾಕೆ ಅಂತ ಗೊತ್ತಾಗಿದ್ದು ಒಂದು ಭಾನುವಾರ ಮಧ್ಯಾಹ್ನ, ಅವಳಿಗೆ ಪಾಠ ಕೇಳುವಾಗ.

ಪಾಠ 'ಜೀವಕ್ರಿಯೆಗಳು'. ಗೋಡೆಗೆ ಬೆನ್ನು ಹಾಕಿ ಕೂತು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ. ಸಾಗಾಣಿಕೆಯ ಕೆಳಗೆ ಹೃದಯ, ರಕ್ತನಾಳ, ರಕ್ತ, ದುಗ್ಧರಸ. ವಿಸರ್ಜನೆಯ ಕೆಳಗೆ ಮೂತ್ರಪಿಂಡ, ಅದರ ಕೆಳಗೆ ನೆಫ್ರಾನ್. ಯಾವ ಕೊಂಬೆಗೆ ಯಾವ ಬಣ್ಣ ಎನ್ನುವುದೂ ಅವಳಿಗೆ ನೆನಪಿತ್ತು. ನಾನು ಸುಮ್ನೆ ಕೇಳಿದೆ: "ಬೆಳಗ್ಗೆ ತಿಂದ ಇಡ್ಲಿಯಿಂದ ನಿನ್ನ ಕಾಲಿನ ಸ್ನಾಯುವಿಗೆ ಶಕ್ತಿ ಹೇಗೆ ಬಂತು?"

ತಿರುಗಿ ಗೋಡೆ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು, "ಮಾಮ, ಅದು ಯಾವ ಕೊಂಬೆಯಲ್ಲಿ ಬರುತ್ತೆ?" ಅಂದಳು.

ಅದು ಯಾವ ಕೊಂಬೆಯಲ್ಲೂ ಬರುವುದಿಲ್ಲ. ತೊಂದರೆ ಇರುವುದು ಅಲ್ಲೇ. ಇಡ್ಲಿಯ ಪಿಷ್ಟ ಗ್ಲೂಕೋಸ್ ಆಗುವವರೆಗೆ ಪೋಷಣೆ. ಗ್ಲೂಕೋಸ್ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಿ ಸ್ನಾಯುವಿನವರೆಗೆ ಹೋಗುವುದು ಸಾಗಾಣಿಕೆ. ಅಲ್ಲಿ ಅದನ್ನು ಒಡೆದು ಶಕ್ತಿ ತೆಗೆಯಲು ಆಕ್ಸಿಜನ್ ಬೇಕು, ಅದು ಉಸಿರಾಟ. ಆ ಆಕ್ಸಿಜನ್ ಬರುವುದೂ ರಕ್ತದಲ್ಲೇ. ಉಳಿದ ಕಾರ್ಬನ್ ಡೈಆಕ್ಸೈಡ್ ವಾಪಸ್ ಹೋಗುವುದೂ ರಕ್ತದಲ್ಲೇ. ಒಂದು ಇಡ್ಲಿ ಮೂರು ಬಣ್ಣ ದಾಟಿ ಓಡಾಡುತ್ತದೆ. ಆ ಇಡ್ಲಿಯ ಉದ್ದಿನ ಬೇಳೆಯ ಪ್ರೋಟೀನನ್ನೂ ಲೆಕ್ಕಕ್ಕೆ ತಗೊಂಡರೆ ನಾಲ್ಕನೇ ಬಣ್ಣವೂ ಬಂತು. ಅದರಿಂದ ಯಕೃತ್ತಿನಲ್ಲಿ ಯೂರಿಯಾ ಆಗುತ್ತದೆ, ಅದನ್ನು ಮೂತ್ರಪಿಂಡಕ್ಕೆ ಹೊತ್ತೊಯ್ಯುವುದೂ ರಕ್ತ. ಪಾಠದ ಜೀವ ಇರುವುದು ಈ ಓಡಾಟದಲ್ಲಿ. ಗೋಡೆಯ ಮೇಲಿನ ಚಿತ್ರದಲ್ಲಿ ನಾಲ್ಕು ಕೊಂಬೆ ನಾಲ್ಕು ದಿಕ್ಕಿಗೆ ಹೋಗಿವೆ. ಒಂದಕ್ಕೊಂದು ಮಾತಿಲ್ಲ, ಕಥೆಯಿಲ್ಲ.

ಒಂದು ಖಾಲಿ ಹಾಳೆ ತೆಗೆದುಕೊಂಡೆವು. ನಾಲ್ಕು ಮೂಲೆಗೆ ನಾಲ್ಕು ಹೆಸರು, ನಡುವೆ 'ರಕ್ತ'. ಈಗ ಗೆರೆ ಎಳೆ, ಆದರೆ ಪ್ರತಿ ಗೆರೆಯ ಮೇಲೆ ಏನು ಹೋಗುತ್ತಿದೆ ಅಂತ ಬರೆಯಲೇಬೇಕು ಅಂದೆ. ಮೊದಲಿಗೆ ಗೊಣಗಿದಳು. ಆಮೇಲೆ ಬರೆಯುತ್ತಾ ಹೋದಳು. ಅರ್ಧದಲ್ಲಿ ಅವಳೇ ಒಂದು ಮಾತು ಹೇಳಿದಳು. ಕರುಳಿನಲ್ಲಿ ವಿಲ್ಲೈ ಅನ್ನುವ ಬೆರಳಿನಂಥ ಚಾಚುಗಳು, ಶ್ವಾಸಕೋಶದಲ್ಲಿ ಪುಟ್ಟ ಪುಟ್ಟ ಗಾಳಿಚೀಲ, ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನ್, "ಮೂರೂ ಕಡೆ ಒಂದೇ ಥರ ಇದೆ ಅಲ್ವಾ ಮಾಮ?" ಹೌದು, ಒಂದೇ ಥರ. ಮೂರೂ ಕಡೆ ತೆಳುವಾದ ಗೋಡೆ, ಅದಕ್ಕೆ ಹೊಂದಿಕೊಂಡು ಲೋಮನಾಳಗಳ, ಅಂದರೆ ಕೂದಲಿನಂಥ ರಕ್ತನಾಳಗಳ ಬಲೆ, ಇಷ್ಟೇ ಜಾಗದಲ್ಲಿ ಆದಷ್ಟು ಜಾಸ್ತಿ ಮೇಲ್ಮೈ. ರಕ್ತದ ಜೊತೆ ಕೊಡುಕೊಳ್ಳುವ ಜಾಗಗಳು ಅವು, ಬೇರೆ ಹೇಗೆ ಇರಲು ಸಾಧ್ಯ? ಆ ಮೂರು ಹೆಸರು ಗೋಡೆಯ ಹಾಳೆಯಲ್ಲೂ ಇದ್ದವು. ಮೂರು ಬೇರೆ ಬೇರೆ ಬಣ್ಣದ ತುದಿಯಲ್ಲಿ.

ಬಿಬಿಸಿಯಿಂದ ಬಂದ ಚಿತ್ರ

ಮೈಂಡ್ ಮ್ಯಾಪ್ ಅನ್ನುವ ಹೆಸರನ್ನು ಜನರ ಬಾಯಿಗೆ ತಂದವನು ಇಂಗ್ಲೆಂಡಿನ ಟೋನಿ ಬುಜಾನ್. 1942ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ. 1974ರಲ್ಲಿ ಬಿಬಿಸಿ ಟಿವಿಯಲ್ಲಿ ಅವನ ಕಾರ್ಯಕ್ರಮ ಬಂತು, ಅಲ್ಲಿಂದ ಇದು ಹಬ್ಬಿತು. ಅವನು ಹಾಕಿಕೊಟ್ಟ ನಿಯಮಗಳನ್ನೇ ಇವತ್ತಿಗೂ ಎಲ್ಲರೂ ಹೇಳುವುದು. ಹಾಳೆ ಅಡ್ಡಕ್ಕಿರಲಿ. ನಡುವೆ ಬಣ್ಣದ ಚಿತ್ರವಿರಲಿ. ಗೆರೆ ನೆಟ್ಟಗೆ ಬೇಡ, ಬಾಗಿರಲಿ. ಒಂದು ಗೆರೆಗೆ ಒಂದೇ ಪದ. ಇದರ ಜೊತೆಗೆ ಎಡ ಮಿದುಳು, ಬಲ ಮಿದುಳು ಅಂತ ಒಂದಷ್ಟು ಪ್ರಚಾರವೂ ಸೇರಿಕೊಂಡಿತು. ಎಡಭಾಗ ಲೆಕ್ಕಕ್ಕೆ, ಬಲಭಾಗ ಕಲ್ಪನೆಗೆ, ಬಣ್ಣ ಹಚ್ಚಿದರೆ ಎರಡೂ ಒಟ್ಟಿಗೆ ಎಚ್ಚರಾಗುತ್ತವೆ ಅನ್ನುವ ಥರದ್ದು. ಆ ಭಾಗವನ್ನು ನಾನು ಅಷ್ಟು ನಂಬುವುದಿಲ್ಲ. ಮಿದುಳು ಹಾಗೆ ನೀಟಾಗಿ ಪಾಲು ಮಾಡಿಕೊಂಡು ಕೆಲಸ ಮಾಡುವುದಿಲ್ಲ.

ಸರಿಸುಮಾರು ಅದೇ ಕಾಲದಲ್ಲಿ, 1970ರ ದಶಕದಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಎಂಬ ಪ್ರಾಧ್ಯಾಪಕರು ಬೇರೊಂದು ನಕ್ಷೆ ಮಾಡುತ್ತಿದ್ದರು. ಮಕ್ಕಳಿಗೆ ವಿಜ್ಞಾನ ಎಷ್ಟು ಅರ್ಥವಾಗಿದೆ, ವರ್ಷ ಕಳೆದಂತೆ ಅದು ಹೇಗೆ ಬದಲಾಗುತ್ತದೆ ಎಂದು ನೋಡುವುದು ಅವರ ಕೆಲಸ. ಅದಕ್ಕೆ ಹುಟ್ಟಿದ್ದು ಕಾನ್ಸೆಪ್ಟ್ ಮ್ಯಾಪ್. ನಮ್ಮ ಬಿಎಡ್ ಓದಿದವರಿಗೆ 'ಪರಿಕಲ್ಪನಾ ನಕ್ಷೆ' ಅಂದರೆ ಗೊತ್ತಾಗುತ್ತದೆ. ಅದರಲ್ಲಿ ಬಣ್ಣಕ್ಕೆ ಮಹತ್ವವಿಲ್ಲ. ನೋಡಲು ಸ್ವಲ್ಪ ಸಪ್ಪೆ. ಆದರೆ ಎರಡು ವಿಷಯದ ನಡುವೆ ಗೆರೆ ಎಳೆದರೆ ಆ ಗೆರೆಯ ಮೇಲೆ ಸಂಬಂಧ ಏನು ಅಂತ ಬರೆಯಬೇಕು. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಅಡ್ಡಗೆರೆ ಎಳೆಯಬಹುದು, ಎಳೆಯಬೇಕು ಕೂಡ. ಗೆರೆಯ ಮೇಲೆ ಮಗು ತಪ್ಪು ಬರೆದರೆ, ಎಲ್ಲಿ ಅರ್ಥವಾಗಿಲ್ಲ ಅಂತ ಮೇಷ್ಟ್ರಿಗೆ ಅಲ್ಲೇ ಕಾಣುತ್ತದೆ. ಮೈಂಡ್ ಮ್ಯಾಪಿನ ಬರಿಯ ಗೆರೆಯಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ. ಹಾಗಾಗಿ ಸರಿ ಇದೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ.

ಇಬ್ಬರಲ್ಲಿ ಗೆದ್ದವನು ಬುಜಾನ್. ಚೆಂದದ್ದು ಗೆಲ್ಲುತ್ತದೆ, ಏನು ಮಾಡೋಣ.

ಒಂದು ಗೆರೆಗೆ ಒಂದೇ ಪದ ಎನ್ನುವ ನಿಯಮವನ್ನು ಇಟ್ಟುಕೊಂಡೇ ಗೆರೆಗೆ ಮಾತು ಬರಿಸುವ ಅನುಕೂಲ ನಮಗಿದೆ. ಪುಟ್ಟಿಯ ಹಾಳೆಯಲ್ಲಿ ಅದು ತಾನಾಗೇ ಆಯಿತು. ಇಂಗ್ಲಿಷಿನವರಿಗೆ ಸಂಬಂಧ ಹೇಳಲು ಬೇರೆ ಪದ ಬೇಕು. ನಾವು ವಿಭಕ್ತಿ ಹಚ್ಚಿದರೆ ಆಯ್ತು. ಕೊಂಬೆಗಳ ಮೇಲೆ 'ಕರುಳು', 'ರಕ್ತ', 'ಸ್ನಾಯು' ಅಂತ ಬರೆದರೆ ಅವು ಬರೀ ಹೆಸರು. 'ಕರುಳಿನಿಂದ', 'ರಕ್ತಕ್ಕೆ', 'ಸ್ನಾಯುವಿನಲ್ಲಿ' ಅಂತ ಬರೆದರೆ ಬಾಣದ ಗುರುತೇ ಬೇಡ, ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಪದವೇ ಹೇಳುತ್ತದೆ. ಇಷ್ಟು ಮಾಡಿದರೆ ಅರ್ಧ ನೊವಾಕ್ ನಮ್ಮ ಮ್ಯಾಪಿಗೆ ಬಂದ ಹಾಗೆ. ಮತ್ತೂ ಒಂದು: ಯಾವ ವಿಭಕ್ತಿ ಹಾಕಬೇಕು ಅಂತ ಕೈ ತಡೆದರೆ, ಅಲ್ಲಿ ಪಾಠ ಅರ್ಥವಾಗಿಲ್ಲ ಅಂತಲೇ ಲೆಕ್ಕ. 'ಯೂರಿಯಾ ಮೂತ್ರಪಿಂಡದಲ್ಲಿ' ಅಂತ ಬರೆದಿದ್ದಳು. ಆಗುವುದು ಅಲ್ಲೋ, ಸೋಸುವುದು ಅಲ್ಲೋ ಅಂತ ಕೇಳಿದೆ. ಪುಸ್ತಕ ತೆಗೆದು ನೋಡಿ, 'ಯಕೃತ್ತಿನಿಂದ' ಅಂತ ಸೇರಿಸಿದಳು.

ಪುಸ್ತಕ ಮುಚ್ಚಿ

ಮೈಂಡ್ ಮ್ಯಾಪ್ ಬರೆದರೆ ನೆನಪು ಉಳಿಯುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ. ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. 600 ಪದಗಳ ಒಂದು ಬರಹ ಕೊಟ್ಟು, ಕೆಲವರಿಗೆ ಮೈಂಡ್ ಮ್ಯಾಪ್ ಮಾಡಿ ಅಂದರು, ಉಳಿದವರಿಗೆ ನಿಮ್ಮ ಪದ್ಧತಿಯಲ್ಲೇ ಓದಿ ಅಂದರು. ವಾರದ ನಂತರ ಮ್ಯಾಪ್ ಮಾಡಿದವರಿಗೆ ತುಸು ಜಾಸ್ತಿ ನೆನಪಿತ್ತು. ಆದರೆ ಆ ಪದ್ಧತಿಯಲ್ಲಿ ಓದಲು ಅವರಿಗೆ ಅಷ್ಟು ಹುರುಪಿರಲಿಲ್ಲ. ಇದು ನನಗೆ ನಂಬಲರ್ಹವಾಗಿ ಕಂಡದ್ದು ಆ ಕೊನೆಯ ಮಾತಿನಿಂದ. ನಿಜವಾಗಿ ಮಾಡಿದರೆ ಇದು ಬೇಜಾರಿನ ಕೆಲಸ. ಖುಷಿ ಕೊಡುವುದು ಬಣ್ಣ ಹಚ್ಚುವ ಭಾಗ ಮಾತ್ರ.

ಇನ್ನೊಂದು ಅಧ್ಯಯನ ನನ್ನ ಅಭ್ಯಾಸವನ್ನೇ ಬದಲಿಸಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕಾರ್ಪಿಕೆ ಮತ್ತು ಬ್ಲಂಟ್ ಎಂಬ ಇಬ್ಬರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಒಂದು ಗುಂಪಿನವರು ಪಾಠವನ್ನು ಮುಂದಿಟ್ಟುಕೊಂಡು ಕಾನ್ಸೆಪ್ಟ್ ಮ್ಯಾಪ್ ಬರೆದರು. ಇನ್ನೊಂದು ಗುಂಪು ಓದಿ, ಪಾಠ ಪಕ್ಕಕ್ಕಿಟ್ಟು, ನೆನಪಿಗೆ ಬಂದದ್ದನ್ನೆಲ್ಲ ಬರೆದು, ಮತ್ತೆ ಓದಿ, ಮತ್ತೆ ಬರೆಯಿತು. ವಾರದ ನಂತರದ ಪರೀಕ್ಷೆಯಲ್ಲಿ ಎರಡನೇ ಗುಂಪು ಮುಂದೆ. ತಮಾಷೆ ಏನೆಂದರೆ, ಪರೀಕ್ಷೆಯಲ್ಲಿ ಕಾನ್ಸೆಪ್ಟ್ ಮ್ಯಾಪನ್ನೇ ಬರೆಯಿರಿ ಅಂದಾಗಲೂ ಮ್ಯಾಪ್ ಬರೆದು ಓದಿದವರೇ ಹಿಂದೆ ಬಿದ್ದರು. ಮ್ಯಾಪ್‌ಪ್ರಿಯರಿಗೆ ಇದು ಸಣ್ಣ ಏಟಲ್ಲ. ಆದರೆ ಅದೇ ಇಬ್ಬರು 2014ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಪಾಠ ನೋಡದೆ, ನೆನಪಿನಿಂದ ಮ್ಯಾಪ್ ಬರೆದರೆ? ಆಗ ಅದೂ ಚೆನ್ನಾಗಿಯೇ ಕೆಲಸ ಮಾಡಿತು. ಅಂದರೆ ವ್ಯತ್ಯಾಸ ಮಾಡಿದ್ದು ಪಾಠ ಕಣ್ಣೆದುರು ಇತ್ತೋ ಇಲ್ಲವೋ ಅನ್ನುವುದು.

ಪಿಡಿಎಫ್ ಮ್ಯಾಪುಗಳ ಬಗ್ಗೆ ನನ್ನ ಕಸಿವಿಸಿಗೆ ಇಲ್ಲಿ ಉತ್ತರ ಸಿಕ್ಕಿತು. ಆ ಮ್ಯಾಪ್ ಮಾಡಿದ ಮೇಷ್ಟ್ರು ಅವತ್ತು ರಾತ್ರಿ ಆ ಪಾಠವನ್ನು ಇನ್ನಷ್ಟು ಚೆನ್ನಾಗಿ ಕಲಿತರು. ಯಾವುದನ್ನು ಯಾವುದರ ಕೆಳಗೆ ಹಾಕಲಿ, ಯಾವುದನ್ನು ಬಿಡಲಿ ಅಂತ ತಲೆ ಕೆಡಿಸಿಕೊಂಡವರು ಅವರು. ಕಲರ್ ಪ್ರಿಂಟಿನಲ್ಲಿ ಆ ತಲೆಬಿಸಿ ಬರುವುದಿಲ್ಲ. ಪರೀಕ್ಷೆಯಲ್ಲಿ 'ಹೆಸರಿಸಿ' ಅಂತ ಕೇಳಿದರೆ ಪ್ರಿಂಟ್ ನೋಡಿ ಉರು ಹೊಡೆದದ್ದು ಸಾಕು. 'ಕಾರಣ ಕೊಡಿ' ಅಂದರೆ ಸಾಲದು.

ಡಾರ್ವಿನ್ 1837ರಲ್ಲಿ ತನ್ನ ನೋಟ್‌ಬುಕ್ಕಿನಲ್ಲಿ ಗೀಚಿದ ಒಂದು ಮರದ ಚಿತ್ರವಿದೆ. ಅಂಕುಡೊಂಕು ಕೊಂಬೆಗಳು, ತುದಿಯಲ್ಲಿ ಎ, ಬಿ, ಸಿ, ಡಿ. ಪುಟದ ಮೇಲ್ಗಡೆ 'ನನಗನ್ನಿಸುತ್ತದೆ' ಎಂಬಷ್ಟೇ ಅರ್ಥದ ಎರಡು ಇಂಗ್ಲಿಷ್ ಪದ. ಜೀವಿಗಳೆಲ್ಲ ಒಂದೇ ಬುಡದಿಂದ ಕವಲೊಡೆದಿರಬಹುದು ಎಂಬ ಯೋಚನೆ ಇನ್ನೂ ಕುದಿಯುತ್ತಿದ್ದ ಹೊತ್ತು. ಪುಸ್ತಕ ಹೊರಬಂದದ್ದು 1859ರಲ್ಲಿ, 22 ವರ್ಷದ ಮೇಲೆ. ಆ ಗೀಚನ್ನು ಗೋಡೆಗೆ ಅಂಟಿಸಿದರೆ ಯಾರೂ ಚೆಂದ ಅನ್ನುವುದಿಲ್ಲ. ಉತ್ತರ ಗೊತ್ತಿಲ್ಲದವನು ಬರೆದದ್ದು ಹಾಗೇ ಇರುತ್ತದೆ.

ಈಗ ನನ್ನ ರೂಢಿ ಇಷ್ಟೇ. ಮೊದಲು ಪೂರ್ತಿ ಓದುವುದು. ಪುಸ್ತಕ ಮುಚ್ಚುವುದು. ಒಂದೇ ಪೆನ್ನಿನಲ್ಲಿ, ಬಣ್ಣದ ಗೋಜಿಗೆ ಹೋಗದೆ, ನೆನಪಿದ್ದಷ್ಟು ಬರೆಯುವುದು. ಕೊಂಬೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಪ್ರಶ್ನೆ ಗುರುತು. ಆಮೇಲೆ ಪುಸ್ತಕ ತೆರೆದು ಬೇರೆ ಬಣ್ಣದ ಪೆನ್ನಿನಲ್ಲಿ ಬಿಟ್ಟುಹೋದದ್ದನ್ನು ತುಂಬಿಸುವುದು. ಆ ಎರಡನೇ ಬಣ್ಣ ಎಷ್ಟಿದೆ ಅಂತ ನೋಡಿದರೆ ನನಗೆ ಎಷ್ಟು ಗೊತ್ತಿರಲಿಲ್ಲ ಅಂತ ಗೊತ್ತಾಗುತ್ತದೆ. ನಾಲ್ಕು ದಿನ ಬಿಟ್ಟು ಇನ್ನೊಂದು ಖಾಲಿ ಹಾಳೆ. ಹಳೇ ಹಾಳೆ ರದ್ದಿಗೆ.

ಪುಟ್ಟಿ 1857ರ ಪಾಠವನ್ನು ಹೀಗೇ ಬರೆದು ಫೋಟೋ ಕಳಿಸಿದಳು. ರಾಜಕೀಯ ಕಾರಣ, ಆರ್ಥಿಕ ಕಾರಣ, ಸೈನಿಕ ಕಾರಣ, ತಕ್ಷಣದ ಕಾರಣ. ಒಟ್ಟು ನಾಲ್ಕು ಕೊಂಬೆ. 'ಅವಧ್' ಅನ್ನುವ ಹೆಸರು ರಾಜಕೀಯದ ತುದಿಯಲ್ಲಿ ಒಂಟಿಯಾಗಿತ್ತು. 1856ರಲ್ಲಿ ಕಂಪನಿಯವರು ಅದನ್ನು ನುಂಗಿಹಾಕಿದರು, ಅಷ್ಟೇ. ಬಂಗಾಳದ ಸೈನ್ಯದ ಸಿಪಾಯಿಗಳಲ್ಲಿ ತುಂಬಾ ಜನ ಯಾವ ಊರಿನವರು ಗೊತ್ತಾ, ಅದೇ ಅವಧ್ ಕಡೆಯ ರೈತರ ಮಕ್ಕಳು ಅಂತ ಮೆಸೇಜ್ ಹಾಕಿದೆ. ಹೊಸ ಕಂದಾಯದ ಬಿಸಿ ತಟ್ಟಿದ್ದು ಅವರ ಮನೆಯವರಿಗೇ. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೋ ಬಂತು. ಅವಧ್‌ನಿಂದ ಮೂರು ಕಡೆಗೆ ಅಡ್ಡಗೆರೆ, ಹಾಳೆ ಪೂರ್ತಿ ಗಲೀಜು. ಕೊಬ್ಬು ಸವರಿದ ತೋಟಾ ಒಂದರಿಂದಲೇ ಅಷ್ಟು ದೊಡ್ಡ ಬೆಂಕಿ ಯಾಕೆ ಹತ್ತಿಕೊಂಡಿತು ಅನ್ನುವುದು ಆ ಗಲೀಜಿನಲ್ಲಿ ಕಾಣುತ್ತಿತ್ತು.

ಗೃಹಪ್ರವೇಶದ ಹಾಳೆ

ಓದಿಗೆ ಬಳಸುವುದು ಒಂದು ಕಥೆ, ಯೋಜನೆಗೆ ಬಳಸುವುದು ಇನ್ನೊಂದು. ಎರಡನೆಯದರಲ್ಲಿ ಬುಜಾನನ ಮ್ಯಾಪ್ ಯಾವ ತಿದ್ದುಪಡಿಯೂ ಇಲ್ಲದೆ ಚೆನ್ನಾಗಿ ನಡೆಯುತ್ತದೆ, ಅರ್ಧ ದಾರಿಯವರೆಗೆ.

ಅರಸೀಕೆರೆಯಲ್ಲಿ ಚಿಕ್ಕಪ್ಪ ಮನೆ ಕಟ್ಟಿಸಿದರು. ಗೃಹಪ್ರವೇಶದ ತಯಾರಿಗೆ ಹಳೇ ಮನೆಯ ನಡುಮನೆಯಲ್ಲಿ ಎಲ್ಲರೂ ಕೂತಿದ್ದೆವು. ಚಿಕ್ಕಪ್ಪನದು ಪಟ್ಟಿಯ ಪದ್ಧತಿ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನಂಬರ್ ಹಾಕಿಕೊಂಡು ಬರೆಯುವುದು. ಒಂದು, ಪುರೋಹಿತರು. ಎರಡು, ಶಾಮಿಯಾನ. ಮೂರು, ಊಟಕ್ಕೆ ಎಷ್ಟು ಜನ. ಮೂರಕ್ಕೇ ಜಗಳ ಶುರು. ಚಿಕ್ಕಮ್ಮನ ತವರಿನ ಲೆಕ್ಕ ಬೇರೆ, ಚಿಕ್ಕಪ್ಪನ ಲೆಕ್ಕ ಬೇರೆ. ಮೂರು ಮುಗಿಯದೆ ನಾಲ್ಕಕ್ಕೆ ಹೋಗುವ ಹಾಗಿಲ್ಲ, ಕಾಫಿ ಆರಿತು.

ತಮ್ಮನ ಮಗನ ಡ್ರಾಯಿಂಗ್ ಹಾಳೆ ಇಸಕೊಂಡು ನಡುವೆ 'ಗೃಹಪ್ರವೇಶ' ಅಂತ ಬರೆದು ನೆಲದ ಮೇಲೆ ಹಾಸಿದೆ. ಪೂಜೆ, ಅಡುಗೆ, ನೆಂಟರು, ಮನೆ ಕೆಲಸ, ದುಡ್ಡು ಅಂತ ಐದು ಗೆರೆ. ಯಾರಿಗೆ ಏನು ಹೊಳೆಯುತ್ತದೋ ಹೇಳಿ, ಯಾವ ಕೊಂಬೆಗಾದರೂ ಸರಿ ಅಂದೆ. ಸಂತೆ ಚೀಲವನ್ನು ಜಗಲಿ ಮೇಲೆ ಬೋರಲು ಹಾಕಿದ ಹಾಗಾಯಿತು. ಚಿಕ್ಕಮ್ಮ ತಾಂಬೂಲದ ಚೀಲ ಅಂದರು. ತಮ್ಮ ನೀರಿನ ಟ್ಯಾಂಕರ್ ಅಂದ. ತೆಂಗಿನಕಾಯಿ ಅಂತ ಯಾರೋ ಅಂದರೆ ಎಲ್ಲರೂ ನಕ್ಕರು, ಅರಸೀಕೆರೆಯಲ್ಲಿ ತೆಂಗಿನಕಾಯಿಗೆ ಬರವೇ. ಅಷ್ಟು ಹೊತ್ತು ಮೂಲೆಯಲ್ಲಿ ಸುಮ್ಮನಿದ್ದ ಅಜ್ಜಿ, "ನೆಲದ ಮೇಲೆ ಕೂರಕ್ಕಾಗ್ದೋರಿಗೆ ಟೇಬಲ್ ಹಾಕ್ಸ್ರಪ್ಪ" ಅಂದರು. ಪಟ್ಟಿ ಬರೆಯುವಾಗ ಅವರ ಸರದಿ ಬರುತ್ತಲೇ ಇರಲಿಲ್ಲ. ಎಲ್ಲಿಂದ ಬೇಕಾದರೂ ಶುರು ಮಾಡಬಹುದಾದ ಹಾಳೆ ಮುಂದಿದ್ದರೆ ಮಾತಾಡದವರೂ ಮಾತಾಡುತ್ತಾರೆ.

ಒಂದು ವಿಷಯ ಮಾತ್ರ ಅಡ್ಡಗೆರೆಯಿಂದ ಸಿಕ್ಕಿತು. ಪೂಜೆಯ ಕೊಂಬೆಯಲ್ಲಿ 'ಹಾಲು ಉಕ್ಕಿಸುವುದು'. ಅಡುಗೆಯ ಕೊಂಬೆಯಲ್ಲಿ 'ಒಲೆ, ಸಿಲಿಂಡರ್: ಅಡುಗೆ ಭಟ್ಟರೇ ತರುತ್ತಾರೆ'. ಎರಡೂ ಅಕ್ಕಪಕ್ಕ ಕಂಡಾಗ ಚಿಕ್ಕಮ್ಮ ಕೇಳಿದರು, ಮುಹೂರ್ತ ಇರುವುದು ಬೆಳಗಿನ ಜಾವ, ಭಟ್ಟರ ಸಾಮಾನು ಬರುವುದು ಬೆಳಕು ಹರಿದ ಮೇಲೆ, ಹಾಲನ್ನು ಯಾವುದರ ಮೇಲೆ ಇಡೋದು? ಹೊಸ ಮನೆಗೆ ಇನ್ನೂ ಗ್ಯಾಸ್ ಇಲ್ಲ. ಹಳೇ ಮನೆಯ ಒಲೆಯನ್ನು ಹಿಂದಿನ ರಾತ್ರಿಯೇ ಸಾಗಿಸಬೇಕು ಅಂತಾಯಿತು.

ಹಾಳೆ ತುಂಬಿತು. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಎಲ್ಲ ಮೂಲೆಯಿಂದಲೂ ನೋಡಿದರು. ಆಮೇಲೆ, "ಎಲ್ಲಾ ಸರಿಯಪ್ಪ. ನಾಳೆ ಬೆಳಗ್ಗೆ ಎದ್ದು ನಾನು ಮೊದಲು ಏನು ಮಾಡ್ಲಿ, ಅದನ್ನ ಇದರಲ್ಲಿ ತೋರ್ಸು" ಅಂದರು.

ತೋರಿಸಲು ಆಗುವುದಿಲ್ಲ. ಮೈಂಡ್ ಮ್ಯಾಪಿಗೆ ಹಿಂದು ಮುಂದು ಗೊತ್ತಿಲ್ಲ. ಶಾಮಿಯಾನ ಹಾಕುವ ಮೊದಲು ಮನೆ ಮುಂದಿನ ಜಲ್ಲಿ ರಾಶಿ ಎತ್ತಿಸಬೇಕು, ಜಲ್ಲಿ ಎತ್ತಿಸುವ ಮೊದಲು ಕಾಂಪೌಂಡಿನ ಕೆಲಸ ಮುಗಿಯಬೇಕು, ಅದು ಮುಗಿಯಬೇಕಾದರೆ ಮೇಸ್ತ್ರಿಗೆ ದುಡ್ಡು ಹೋಗಬೇಕು. ಹಾಳೆಯಲ್ಲಿ ಇವು ಮೂರು ಬೇರೆ ದಿಕ್ಕಿನಲ್ಲಿದ್ದವು. ಚಿಕ್ಕಪ್ಪ ಇನ್ನೊಂದು ಕ್ಯಾಲೆಂಡರ್ ಹಾಳೆ ಹರಿದು ತಾರೀಕಿನ ಪ್ರಕಾರ ಬರೆದುಕೊಂಡರು. ಪ್ರತಿ ಸಾಲಿನ ಮುಂದೆ ಯಾರು, ಎಷ್ಟು ದುಡ್ಡು. ಈ ಸಲ ಜಗಳ ಇರಲಿಲ್ಲ, ಏಕೆಂದರೆ ಬರೆಯಬೇಕಾದ್ದೆಲ್ಲ ಆಗಲೇ ನೆಲದ ಮೇಲಿತ್ತು. ಡ್ರಾಯಿಂಗ್ ಹಾಳೆಯ ಕೆಲಸ ಅವತ್ತಿಗೇ ಮುಗಿಯಿತು. ಕಾರ್ಯ ನಡೆಸಿದ್ದು ಕ್ಯಾಲೆಂಡರ್ ಹಾಳೆ.

ಆಫೀಸಿನಲ್ಲೂ ಇದನ್ನೇ ನೋಡುತ್ತೇನೆ. ಮೀಟಿಂಗಿನಲ್ಲಿ ದೊಡ್ಡ ಮ್ಯಾಪ್ ಬರೆದು, ಫೋಟೋ ಹೊಡೆದು, ಎಲ್ಲರಿಗೂ ಕಳಿಸಿ, ಯೋಜನೆ ಆಯಿತು ಅಂದುಕೊಳ್ಳುತ್ತಾರೆ. ತಾರೀಕು, ಹೆಸರು ಇಲ್ಲದ ಕೊಂಬೆಯನ್ನು ಯಾರೂ ಮುಟ್ಟುವುದಿಲ್ಲ.

ಕಂಪ್ಯೂಟರು, ಮತ್ತು ಗಣಿತ

ಕಂಪ್ಯೂಟರಿನಲ್ಲಿ ಮಾಡಬೇಕೋ ಕಾಗದದಲ್ಲೋ ಅಂತ ಕೇಳುವವರಿದ್ದಾರೆ. ಫ್ರೀಪ್ಲೇನ್ ಅನ್ನುವ ಉಚಿತ ತಂತ್ರಾಂಶವಿದೆ, ಅದಕ್ಕೂ ಮೊದಲು ಬಂದ ಫ್ರೀಮೈಂಡಿನಿಂದ ಕವಲೊಡೆದದ್ದು. ಕನ್ನಡ ಟೈಪ್ ಮಾಡಬಹುದು, ಕೊಂಬೆಗಳನ್ನು ಮಡಚಿಡಬಹುದು, ಒಂದರ ಕೆಳಗಿದ್ದದ್ದನ್ನು ಎಳೆದು ಇನ್ನೊಂದರ ಕೆಳಗೆ ಹಾಕಬಹುದು. ಉದ್ದದ ಬರಹಕ್ಕೆ ಸಿದ್ಧತೆ ಮಾಡುವಾಗ ಈ ಎಳೆದು ಹಾಕುವುದು ತುಂಬಾ ಉಪಯೋಗ. ಓದಿಗೆ ಮಾತ್ರ ನನಗೆ ಕಾಗದವೇ ಇಷ್ಟ. ಪರದೆಗೆ ಅಂಚೇ ಇಲ್ಲ, ಸೇರಿಸುತ್ತಾ ಹೋಗಬಹುದು, ಯಾವುದನ್ನು ಬಿಡಬೇಕು ಅಂತ ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಕಾಗದದಲ್ಲಿ ಜಾಗ ಮುಗಿಯುತ್ತದೆ, ಆಗ ಆರಿಸಲೇಬೇಕು.

ಇನ್ನು ಕೆಲವು ವಿಷಯಕ್ಕೆ ಇದು ಒಗ್ಗುವುದೇ ಇಲ್ಲ. ಪದ್ಯ ಬಾಯಿಪಾಠಕ್ಕೆ ಬೇಡ. ಮಗ್ಗಿಗೆ ಬೇಡ. ಗಣಿತಕ್ಕಂತೂ ಎಚ್ಚರ. ಪುಟ್ಟಿ ಥೇಲ್ಸನ ಪ್ರಮೇಯವನ್ನೂ ಮೈಂಡ್ ಮ್ಯಾಪ್ ಮಾಡಿದ್ದಳು. ದತ್ತ ಎಡಕ್ಕೆ, ಸಾಧನೀಯ ಬಲಕ್ಕೆ, ರಚನೆ ಮೇಲಕ್ಕೆ, ಸಾಧನೆ ಕೆಳಕ್ಕೆ, ನಾಲ್ಕು ಬಣ್ಣದಲ್ಲಿ. ಆ ನಾಲ್ಕು ಒಂದಾದ ಮೇಲೆ ಒಂದು ಬರಬೇಕಾದವು. ಸಾಧನೆಯಲ್ಲಿ ಮೂರನೇ ಸಾಲು ನಿಲ್ಲುವುದು ಮೊದಲೆರಡು ಸಾಲಿನ ಬಲದಿಂದ. ಅಡ್ಡಗೆರೆಗಳನ್ನು ಎಷ್ಟೇ ಎಳೆದರೂ ಆ ಆಸರೆ ಹಾಳೆಯಲ್ಲಿ ಕಾಣುವುದಿಲ್ಲ. ಇದಕ್ಕೆ ಗೀಟು ಹಾಕಿದ ನೋಟ್‌ಬುಕ್ಕೇ ತಗೋ ಅಂದೆ. ಎಡಗಡೆ ಒಂದರ ಕೆಳಗೆ ಒಂದು ಸಾಲು, ಬಲಗಡೆ ಪ್ರತಿ ಸಾಲಿಗೂ ಅದರ ಕಾರಣ. ಬಲಗಡೆ ಖಾಲಿ ಉಳಿದ ಸಾಲುಗಳನ್ನು ನಾಳೆ ಶಾಲೆಯಲ್ಲಿ ಮೇಷ್ಟ್ರ ಹತ್ತಿರ ಕೇಳುತ್ತಾಳಂತೆ.